ಹಾರ್ನ್ ಅಂದ್ರೆ ಕಿರುಚಾಟ ಅಲ್ಲ ಸ್ವಾಮೀ!

ಹೋದ ತಿಂಗಳು ಒಂದು ಜೊತೆ ಹಳೇ ಹಾರ್ನ್ ಸ್ಪೀಕರ್ ಕೊಂಡು ತಂದು ಮೆಟ್ಟಿಲು ಹತ್ತಿಸ್ತಿದ್ದಾಗ ಓನರ್ ಅಂಕಲ್ ಕೇಳಿದ್ರು, "ಏನಪ್ಪಾ, ಮನೆಯೊಳಗೇ ಗಣೇಶನ್ನ ಕೂರಿಸ್ತೀಯಾ?" ಅವರ ತಪ್ಪಿಲ್ಲ ಬಿಡಿ. ಒಬ್ಬರ ಮನೆ ಒಗ್ಗರಣೆಗೆ ಪಕ್ಕದ ಮನೆಯವರು ಸೀನುವಷ್ಟು ಒತ್ತಾಗಿರೋ ನಮ್ಮ ಸುದ್ದಗುಂಟೆಪಾಳ್ಯದಲ್ಲಿ ಹಾರ್ನ್ ಅಂದ್ರೆ ಕಂಬಕ್ಕೆ ಕಟ್ಟಿದ ಆ ತಗಡಿನ ಹೂವು. ಆದರೆ ಆಫೀಸಿನ ಹೈ-ಫೈ ಪಂಡಿತರೂ ಅದನ್ನೇ ಅಂದಾಗ ಮೈ ಉರೀತು. ಅದಕ್ಕೇ ಈ ಪೋಸ್ಟು.

ಕಂಬದ ಹಾರ್ನ್ ಇರೋದು ಮಾತನ್ನ ದೂರ ಮುಟ್ಟಿಸೋಕೆ. ತಗ್ಗಿನ ಸ್ವರಗಳು ಅದರಲ್ಲಿ ಬರೋದೇ ಇಲ್ಲ. ಮೇಲಿಂದ ಆಂಪ್ಲಿಫೈಯರ್‌ನ ಶಕ್ತಿ ಮೀರಿ ವಾಲ್ಯೂಮ್ ತಿರುಗಿಸ್ತಾರೆ, ಸಿಗ್ನಲ್ಲಿನ ತಲೆ ಕತ್ತರಿಸಿ ಹೋಗುತ್ತೆ. ಕಿವಿ ಕೊರೆಯೋದು ಅದು, ಬೈಸಿಕೊಳ್ಳೋದು ಹಾರ್ನ್!

ಗದ್ದೆಯಾಚೆ ಇರೋರನ್ನ ಕೂಗೋಕೆ ಬಾಯಿ ಸುತ್ತ ಎರಡೂ ಕೈ ಹಿಡೀತೀವಲ್ಲ, ಹಾರ್ನ್ ಮಾಡೋದು ಅಷ್ಟೇ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್, 1902ರಲ್ಲಿ ಕಲ್ಕತ್ತದಲ್ಲಿ ರೆಕಾರ್ಡಿಗೆ ಹಾಡಿದ್ದು ಒಂದು ಕಹಳೆಯೊಳಕ್ಕೆ. ಜನ ಕೇಳಿದ್ದೂ ಇನ್ನೊಂದು ಕಹಳೆಯಿಂದ. ನಡುವೆ ಒಂದು ವಾಟ್ ಕರೆಂಟೂ ಇಲ್ಲ.

ಈಗ ಲೆಕ್ಕಕ್ಕೆ ಬನ್ನಿ. ನನ್ನ ಹಳೇ ಸ್ಪೀಕರ್ ಒಂದು ವಾಟ್‌ಗೆ, ಒಂದು ಮೀಟರ್ ದೂರದಲ್ಲಿ, 87 ಡೆಸಿಬೆಲ್ ಕೊಡ್ತಿತ್ತು. ಅಂದ್ರೆ ನೂರು ವಾಟ್ ಸುರಿದರೂ ಶಬ್ದವಾಗೋದು ಅರ್ಧ ವಾಟಿಗಿಂತ ಕಡಿಮೆ, ಉಳಿದದ್ದೆಲ್ಲ ಕಾಯಿಲ್ ಬಿಸಿ ಮಾಡೋಕೆ. ಈ ಹಾರ್ನ್ ಕೊಡೋದು 97. ಅದೇ ಶಬ್ದಕ್ಕೆ ಹತ್ತನೇ ಒಂದು ಭಾಗ ವಾಟ್ ಸಾಕು. ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕಿಟ್ಟ ಕ್ಲಿಪ್ಶ್‌ಹಾರ್ನ್‌ನ ಈಗಿನ ಮಾದರಿಗೆ ಕಂಪನಿಯೇ ಹೇಳೋ ಅಂಕಿ 105! ಆದರೂ ನಮ್ಮ ಪಂಡಿತರು ಡಬ್ಬದ ಮೇಲೆ ಬರೆದ ವಾಟ್ ನೋಡಿ ಸ್ಪೀಕರ್ ಕೊಳ್ತಾರೆ. ಎಷ್ಟು ಹಿಂಡಿ ತಿನ್ನುತ್ತೆ ಅಂತ ಕೇಳಿ ಹಸುವಿಗೆ ಬೆಲೆ ಕಟ್ಟಿದ ಹಾಗೆ. ಡೇರಿ ಸರ್ಕಲ್ ಪಕ್ಕದಲ್ಲೇ ಇದ್ದುಕೊಂಡು ಇಷ್ಟೂ ಗೊತ್ತಾಗಲ್ವಾ? :-)

"ಅಷ್ಟು ಜೋರು ಮನೆಗ್ಯಾಕೆ?" ಅಂತೀರಿ. ಜೋರಿಗಲ್ಲ ಮಾರಾಯ್ರೇ, ಮೆಲ್ಲಗೆ ಕೇಳೋಕೆ! ಮೃದಂಗದ ಒಂದು ಗಟ್ಟಿ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರಬಹುದು, ಅಂದ್ರೆ ನೂರು ಪಟ್ಟು ಶಕ್ತಿ. ಕಾಲು ವಾಟ್‌ನಲ್ಲಿ ಹಾಡ್ತಿರೋ ಸಾದಾ ಸ್ಪೀಕರಿಗೆ ಆ ಕ್ಷಣಕ್ಕೆ 25 ವಾಟ್ ಬೇಕು, ನನ್ನದಕ್ಕೆ ಎರಡೂವರೆ. ಡಯಾಫ್ರಮ್ ಅಲುಗೋದೂ ತೀರಾ ಕಡಿಮೆ, ಹಾಗಾಗಿ ಸ್ವರ ಕೆಡೋದೂ ಕಡಿಮೆ. ಎಂಟು ವಾಟ್‌ನ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರು ಹಾರ್ನ್ ಹುಡುಕಿಕೊಂಡು ಹೋಗೋದು ಹುಚ್ಚಿಗಲ್ಲ.

ಕಷ್ಟಗಳೂ ಇವೆ, ಒಪ್ಪಿದೆ. ಕೆಟ್ಟ ಹಾರ್ನ್ ನೆಗಡಿಯಾದವರ ಹಾಗೆ ಹಾಡುತ್ತೆ. 40 ಹರ್ಟ್ಜ್ ಸ್ವರದ ಅಲೆಯೇ ಎಂಟೂವರೆ ಮೀಟರ್ ಉದ್ದ, ಅದಕ್ಕೆ ತಕ್ಕ ಬಾಯಿ ಬಾಡಿಗೆ ಮನೆಯಲ್ಲಿ ಎಲ್ಲಿ ಹಿಡಿಸೋಣ? ಕ್ಲಿಪ್ಶ್ ಕೋಣೆಯ ಮೂಲೆಯನ್ನೇ ಹಾರ್ನಿನ ಭಾಗ ಮಾಡಿಕೊಂಡ. ನಮ್ಮಲ್ಲಿ ಒಂದು ಮೂಲೆ ಬೀರುವಿಗೆ, ಇನ್ನೊಂದು ನೀರಿನ ಕ್ಯಾನಿಗೆ. ಹಾಗಾಗಿ ನನ್ನ ಪೆಟ್ಟಿಗೆಯಲ್ಲೂ ಬಾಸ್‌ಗೆ ಮಾಮೂಲಿ 12 ಇಂಚಿನ ಕೋನೇ ಇರೋದು.

ಒಂದು ತಿಂಗಳಾಗ್ತಾ ಬಂತು, ದಿನಾ ರಾತ್ರಿ ಹತ್ತೂವರೆಗೆ ಹಾಕ್ತೀನಿ. ಓನರ್ ಅಂಕಲ್ ದೂರು ಇರೋದು ಬೆಳಗಿನ ಮಿಕ್ಸಿ ಬಗ್ಗೆ ಮಾತ್ರ. ನಂಬದ ಪಂಡಿತರು ಭಾನುವಾರ ಬನ್ನಿ, ಕಾಫಿ ನನ್ನದು. ಸಿಡಿ ನೀವೇ ತನ್ನಿ.