ವ್ಯಕ್ತಿತ್ವಕ್ಕೆ ಅಂಕ ಹಾಕುವುದನ್ನು ನಿಲ್ಲಿಸಿ

ಶಿಕಾರಿಪುರ, ಸೊರಬದ ಕಾಲೇಜುಗಳಲ್ಲಿ ಪದವಿ ಮುಗಿಸಿದವರಿಗೆ ಈಗ ಎರಡು ಕಡೆ ವ್ಯಕ್ತಿತ್ವ ಪರೀಕ್ಷೆ ಕಾದಿರುತ್ತದೆ. ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕಿದರೆ ಮೊಬೈಲಿಗೆ ಪ್ರಶ್ನಾವಳಿ ಬರುತ್ತದೆ. ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಮುಖ್ಯ ಪರೀಕ್ಷೆ ದಾಟಿದರೆ ಅದರ ಕಚೇರಿ ಉದ್ಯೋಗ ಸೌಧದಲ್ಲಿ ಸಂದರ್ಶನ. ನಿಯಮದಲ್ಲಿ ಅದಕ್ಕೂ ವ್ಯಕ್ತಿತ್ವ ಪರೀಕ್ಷೆ ಎಂದೇ ಹೆಸರು. ನೇಮಕಾತಿಯಲ್ಲಿ ಎರಡಕ್ಕೂ ಜಾಗ ಇರಬಾರದು.

ಪ್ರಶ್ನಾವಳಿಯ ಒಂದು ಸಾಲು ನೋಡಿ: 'ಅಪರಿಚಿತರ ಜೊತೆ ಸಲೀಸಾಗಿ ಬೆರೆಯುತ್ತೇನೆ.' ಒಪ್ಪುತ್ತೀರೋ, ಇಲ್ಲವೋ? ಆನವಟ್ಟಿ ಕಡೆಯ ಹುಡುಗಿ ಇಲ್ಲಿ ಏನೆಂದು ಗುರುತು ಹಾಕಬೇಕು? ಶುಂಠಿ ಕೊಳ್ಳಲು ಬಂದ ವ್ಯಾಪಾರಿಯ ಹತ್ತಿರ ಅಪ್ಪನಿಗಿಂತ ಗಟ್ಟಿಯಾಗಿ ದರಕ್ಕೆ ಜಗ್ಗಾಡುವವಳು ಅವಳೇ. ಇಂಗ್ಲಿಷಿನ ಗುಂಪು ಚರ್ಚೆಯಲ್ಲಿ ಬಾಯಿ ಬಿಡದೆ ಕೂರುವವಳೂ ಅವಳೇ. ಎರಡೂ ಅವಳ ಸ್ವಭಾವವೇ. ಜಾಗ ಬದಲಾಗಿದೆ ಅಷ್ಟೆ. ಸಾಲದ್ದಕ್ಕೆ, ಕೆಲಸ ಬೇಕಾದವರು ಕಂಪನಿ ಬಯಸುವ ಉತ್ತರಕ್ಕೇ ಗುರುತು ಹಾಕುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದವರು ಹಿಂದೆ ಬೀಳುತ್ತಾರೆ.

ಜನರನ್ನು 16 ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಇಂಥ ಪ್ರಶ್ನಾವಳಿಗಳಲ್ಲೆಲ್ಲ ಹೆಸರುವಾಸಿ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಆಧರಿಸಿ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಇದನ್ನು ರೂಪಿಸಿದರು. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ನೇಮಕಾತಿಗೆ ಇದನ್ನು ಬಳಸಬೇಡಿ ಎಂದು ಪರೀಕ್ಷೆಯ ಪ್ರಕಾಶಕರೇ ಹೇಳುತ್ತಾರೆ. ಇದಕ್ಕಿಂತ ಗಟ್ಟಿ ತಳಹದಿಯ ಪರೀಕ್ಷೆಗಳೂ ಇವೆ. ಶಿಸ್ತು, ಹೊಣೆಗಾರಿಕೆಯ ಗುಣಕ್ಕೂ ಕೆಲಸದ ಗುಣಮಟ್ಟಕ್ಕೂ ನಂಟಿದೆ ಎಂದು ಸಂಶೋಧಕರಾದ ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ತೋರಿಸಿದರು. ಆ ನಂಟು ಸಣ್ಣದು. ನನಗೆ ಒಬ್ಬಳೇ ಕೂತು ಮಾಡುವ ಕೆಲಸ ಒಗ್ಗುತ್ತದೋ, ನಾಲ್ಕು ಜನರ ನಡುವಿನದೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಲು ಅಂಥ ಪರೀಕ್ಷೆ ನೆರವಾದೀತು. ಇನ್ನೊಬ್ಬರ ಅನ್ನದ ದಾರಿ ಮುಚ್ಚಲು ಸಾಲದು.

ಕೆಲಸದ ರೀತಿ ಕಾಣುವುದು ಕೆಲಸದಲ್ಲೇ. ಸೊರಬ, ಸಾಗರದಲ್ಲಿ ಗಂಧ ಕೆತ್ತುವ ಗುಡಿಗಾರರನ್ನು ಕೇಳಿ. ಕಲಿಯಲು ಬಂದವನ ಕೈಗೆ ಯಾರೂ ಮೊದಲೇ ಗಂಧದ ತುಂಡು ಕೊಡುವುದಿಲ್ಲ. ಉಳಿ ಮಸೆಯುವಾಗ ಅವಸರ ಪಡುತ್ತಾನೋ, ಶಿವಣೆ ಮರದ ಮೇಲೆ ಬಳ್ಳಿ ಬಿಡಿಸುವಾಗ ಎಳೆ ತಪ್ಪಿದರೆ ಮುಚ್ಚಿಡುತ್ತಾನೋ ತೋರಿಸುತ್ತಾನೋ, ಸಿಪ್ಪೆ ಎದ್ದ ಕಡೆ ಉಳಿಯನ್ನು ತಿರುಗಿಸಿ ಹಿಡಿಯಲು ತಾನೇ ಕಲಿಯುತ್ತಾನೋ, ಹಿರಿಯರು ಇವನ್ನೆಲ್ಲ ನೋಡುತ್ತಾರೆ. ಮಾತಿನ ಮಲ್ಲನೋ ಮೌನಿಯೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಸಂದರ್ಶನಕ್ಕೆ ಬಂದರೆ, ಕೆಪಿಎಸ್‌ಸಿಯ ಕಥೆ ಎಲ್ಲರಿಗೂ ಗೊತ್ತು. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ನೇಮಕಾತಿಯಲ್ಲಿ ಸಂದರ್ಶನಕ್ಕೆ 200 ಅಂಕವಿತ್ತು. ಅಕ್ರಮದ ಆರೋಪ, ಸಿಐಡಿ ತನಿಖೆಯ ನಂತರ 2014ರಲ್ಲಿ ಸರ್ಕಾರ ಆಯ್ಕೆಪಟ್ಟಿ ಹಿಂಪಡೆಯಿತು. ಹೈಕೋರ್ಟ್ 2018ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. 2022ರಲ್ಲಿ ಕಾಯ್ದೆ ತಂದು ಅದೇ ನೇಮಕಾತಿಯನ್ನು ಊರ್ಜಿತಗೊಳಿಸಲಾಯಿತು. ಅಷ್ಟು ವರ್ಷ ಅಭ್ಯರ್ಥಿಗಳ ಬದುಕು ನ್ಯಾಯಾಲಯದ ಮೆಟ್ಟಿಲ ಮೇಲೆ ಕಳೆಯಿತು. ಸಂದರ್ಶನದ ಅಂಕ ಈಗ 25ಕ್ಕೆ ಇಳಿದಿದೆ. ಒಂದೆರಡು ಅಂಕದಲ್ಲಿ ತಹಶೀಲ್ದಾರ್ ಹುದ್ದೆ ಕೈತಪ್ಪುವ ಪೈಪೋಟಿಯಲ್ಲಿ 25 ಎಂಬುದು ದೊಡ್ಡ ಮೊತ್ತವೇ.

ಜನರೊಂದಿಗೆ ವ್ಯವಹರಿಸುವ ಅಧಿಕಾರಿಯನ್ನು ಮುಖಾಮುಖಿ ನೋಡಬೇಡವೇ ಎಂದು ಕೇಳುವವರಿದ್ದಾರೆ. ನೋಡಲಿ, ಪ್ರೊಬೇಷನ್ ಅವಧಿ ಇರುವುದೇ ಅದಕ್ಕೆ. ಸೊರಬದ ತಾಲ್ಲೂಕು ಕಚೇರಿಯಲ್ಲಿ ಹಳೆಯ ಫೈಲು ಹಿಡಿದು ನಿಂತ ರೈತನನ್ನು ಆತ ಕೂರಿಸಿ ಮಾತಾಡಿಸುತ್ತಾನೋ, ನಾಳೆ ಬಾ ಎನ್ನುತ್ತಾನೋ ಎಂಬುದು ಸಂದರ್ಶನ ಮಂಡಳಿಯ ಮುಂದಿನ ನಯವಾದ ಉತ್ತರದಲ್ಲಿ ಕಾಣುವುದಿಲ್ಲ.

ಆ 25 ಅಂಕವನ್ನು ಕೆಲಸಕ್ಕೆ ಕೊಡಿ. ಬಗರ್‌ಹುಕುಂ ಅರ್ಜಿ, ಪಹಣಿ, ಅರಣ್ಯ ಇಲಾಖೆಯ ತಕರಾರು ಪತ್ರ ಮುಂದಿಟ್ಟು ಒಂದು ಗಂಟೆಯಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆಸಿ. ಅಭ್ಯರ್ಥಿಯ ಹೆಸರು, ಊರು, ಜಾತಿ ತಿಳಿಯದ ಇಬ್ಬರು ಅದನ್ನು ಮೌಲ್ಯಮಾಪನ ಮಾಡಲಿ. ಇದನ್ನು ಮಾಡಿಸಬಲ್ಲವರು ನಮ್ಮ ಸುತ್ತಲೇ ಇದ್ದಾರೆ: 2023ರ ಚುನಾವಣೆಯ ಬಳಿಕ ಸೊರಬದ ಶಾಸಕ ಮಧು ಬಂಗಾರಪ್ಪ ಸಚಿವರಾದರು, ಶಿಕಾರಿಪುರದ ಶಾಸಕ ಬಿ.ವೈ. ವಿಜಯೇಂದ್ರ ಬಿಜೆಪಿ ರಾಜ್ಯಾಧ್ಯಕ್ಷರಾದರು. ಮುಂದಿನ ಅಧಿಸೂಚನೆ ಹೊರಬೀಳುವ ಮೊದಲು ನಿಯಮ ತಿದ್ದುವಂತೆ ಇಬ್ಬರೂ ಸದನದಲ್ಲಿ ಒಟ್ಟಾಗಿ ಕೇಳಲಿ.