ಗ್ರಾಮೋಫೋನಿನ ಜೀರ್ಣೋದ್ಧಾರ

ನಮ್ಮ ಧಾರವಾಡ ಜಿಲ್ಲೆಯ ಹಳೆಯ ಮನೆತನಗಳ ವಾಡೆಗಳು ಒಂದೊಂದಾಗಿ ಬೀಳುತ್ತಲಿವೆ. ಆಸ್ತಿ ಪಾಲಾಗಿ, ಮಕ್ಕಳು ನೌಕರಿಗಾಗಿ ಪರಸ್ಥಳಗಳನ್ನು ಸೇರಿ, ಮನೆ ಮಾರುವ ದಿವಸ ಬಂದಾಗ ಅಟ್ಟದ ಮೇಲಿನ ಸಾಮಾನು ಅಂಗಳಕ್ಕೆ ಇಳಿಯುವದು. ತಾಮ್ರ-ಹಿತ್ತಾಳೆಗಳು ತೂಕಕ್ಕೆ ಹೋಗುವವು. ಸಾಗವಾನಿಯ ಕಂಬ-ಬಾಗಿಲುಗಳನ್ನು ದೊಡ್ಡ ಊರುಗಳ ವ್ಯಾಪಾರಸ್ಥರು ಒಯ್ಯುವರು. ಈ ಸಾಮಾನುಗಳ ನಡುವೆ ಧೂಳು ಹಿಡಿದ ಒಂದು ಗ್ರಾಮೋಫೋನು ಪೆಟ್ಟಿಗೆಯೂ, ಚೀಲದಲ್ಲಿ ಕಟ್ಟಿಟ್ಟ ಕೆಲವು ಕರಿಯ ಪ್ಲೇಟುಗಳೂ ಇದ್ದರೆ ಆಶ್ಚರ್ಯವಲ್ಲ. ಪೆಟ್ಟಿಗೆಗೆ ಈಗ ಗಿರಾಕಿಗಳಿಗೆ ಕೊರತೆಯಿಲ್ಲ. ಆದರೆ ಕೊಂಡವರಲ್ಲಿ ಬಹುಜನರು ಅದಕ್ಕೆ ಪಾಲಿಶು ಹಚ್ಚಿ, ದಿವಾಣಖಾನೆಯಲ್ಲಿ ಹೂದಾನಿಯ ಮಗ್ಗುಲಿಗೆ ಇಟ್ಟು ಕೃತಾರ್ಥರಾಗುತ್ತಾರೆ. ಪ್ಲೇಟುಗಳು ರದ್ದಿಯವನ ಪಾಲಾಗುವವು. ಇಲ್ಲವೆ ಶೃಂಗಾರಕ್ಕೆಂದು ಗೋಡೆಯ ಮೊಳೆಗೆ ಏರುವವು. ಇದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಈ ಹೆಸರನ್ನು ನಾವು ಒಪ್ಪಲಾರೆವು.

ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಹೊರಗೋಡೆಯನ್ನು ತೊಳೆದು, ಗರ್ಭಗುಡಿಗೆ ಕೀಲಿ ಜಡಿದು, ಜೀರ್ಣೋದ್ಧಾರವಾಯಿತೆಂದು ಯಾರಾದರೂ ಫಲಕ ಹಾಕಿದರೆ ಊರವರು ಸುಮ್ಮನಿರುವರೇ? ಗ್ರಾಮೋಫೋನಿಗೆ ಗರ್ಭಗುಡಿಯೆಂದರೆ ಅದರ ಧ್ವನಿ. ಯಂತ್ರವು ತಿರುಗಿ ಹಾಡಬೇಕು. ಅದು ಹಾಡುವ ಪ್ಲೇಟು ಉಳಿಯಬೇಕು. ಉಳಿದದ್ದು ನಾಲ್ಕು ಜನರ ಕಿವಿಗೆ ಬೀಳಬೇಕು. ಈ ಮೂರೂ ಕೂಡಿದರೆ ಮಾತ್ರ ಜೀರ್ಣೋದ್ಧಾರ. ಬೇರೆ ಕಡೆಗೆ ಇದು ಶ್ರೀಮಂತರ ಹವ್ಯಾಸವಾಗಿರಬಹುದು. ನಮ್ಮ ಜಿಲ್ಲೆಯ ಮಟ್ಟಿಗೆ ಇದು ಸಾರ್ವಜನಿಕ ಕರ್ತವ್ಯವೆಂದು ನಾವು ತಿಳಿಯುತ್ತೇವೆ.

ಯಾಕಂದರೆ ಈ ನೆಲದ ಸಂಗೀತದ ಚರಿತ್ರೆಯ ಕೆಲವು ಪುಟಗಳು ಕಾಗದದ ಮೇಲೆ ಇಲ್ಲ, ಅರಗಿನ ಮೇಲೆ ಇವೆ. ಹಿಂದುಸ್ತಾನದಲ್ಲಿ ವ್ಯಾಪಾರಕ್ಕಾಗಿ ಧ್ವನಿಮುದ್ರಣವು ಆರಂಭವಾದದ್ದು 1902ರಲ್ಲಿ, ಕಲಕತ್ತೆಯಲ್ಲಿ; ಆ ಮೊದಲಿನ ಧ್ವನಿಗಳಲ್ಲಿ ಗೌಹರ ಜಾನರ ಕಂಠವೂ ಒಂದು. ಮೊದಲು ಪ್ಲೇಟುಗಳು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರಖಾನೆಯಾಯಿತು. ಚಾವಿ ಕೊಟ್ಟರೆ ತಿರುಗುವ ಯಂತ್ರವಾದ್ದರಿಂದ ಅದು ವಿದ್ಯುದ್ದೀಪಕ್ಕಿಂತ ಮುಂಚೆಯೇ ಹಳ್ಳಿಯನ್ನು ಮುಟ್ಟಿತು. ನವಲಗುಂದದ ಜಮಖಾನ ಹಾಸಿ ಊರ ಹಿರಿಯರು ಕುಳಿತು ಕೇಳಿದ ಗಾಯನವು ಅನೇಕ ವೇಳೆ ಹತ್ತಾರು ಮೈಲಿನ ಒಳಗಿನ ಗಾಯಕರದೇ ಆಗಿತ್ತು.

ಅಮ್ಮಿನಭಾವಿಯಲ್ಲಿ 1886ರಲ್ಲಿ ಹುಟ್ಟಿ ಕುಂದಗೋಳದಲ್ಲಿ ನೆಲೆಸಿದ ರಾಮಭಾವು ಕುಂದಗೋಳಕರರು ಸವಾಯಿ ಗಂಧರ್ವರೆಂದು ಖ್ಯಾತರಾದರು. ಅವರ ಗುರುಗಳಾದ ಅಬ್ದುಲ ಕರೀಮಖಾನರಿಗೆ ಕುಂದಗೋಳದ ನಾಡಿಗೇರ ವಾಡೆಯು ಮೈಸೂರ ದಾರಿಯ ತಂಗುದಾಣವಾಗಿತ್ತು. ಖಾನಸಾಹೇಬರು 1937ರಲ್ಲಿ ತೀರಿದರು. ಸವಾಯಿ ಗಂಧರ್ವರು 1952ರಲ್ಲಿ. ಇವರಿಬ್ಬರ ಕಂಠವನ್ನು ನಾವು ಇಂದು ಅರಿಯುವದು ಮುಖ್ಯವಾಗಿ ಮೂರು-ಮೂರೂವರೆ ಮಿನಿಟುಗಳ ಪ್ಲೇಟುಗಳಿಂದಲೇ. ಆ ಮೂರು ಮಿನಿಟುಗಳ ಬಲವಾದರೂ ಎಷ್ಟು! ಗದಗಿನಲ್ಲಿ ಬೆಳೆಯುತ್ತಿದ್ದ ಬಾಲಕ ಭೀಮಸೇನ ಜೋಶಿಯವರು ಖಾನಸಾಹೇಬರ ಝಿಂಝೋಟಿ ಠುಮರಿಯನ್ನು ಅಂಗಡಿಯೊಂದರ ಗ್ರಾಮೋಫೋನಿನಲ್ಲಿ ಕೇಳಿ, 1933ರಲ್ಲಿ ತಮ್ಮ 11ನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋದರು. ಊರೂರು ಅಲೆದ ಮೇಲೆ ಗುರು ದೊರೆತದ್ದು ಕುಂದಗೋಳದಲ್ಲಿಯೇ.

ಗಂಗೂಬಾಯಿ ಹಾನಗಲ್ಲರ ಸಂಗತಿ ಇನ್ನೂ ಮನನೀಯವಾದದ್ದು. ಹುಬ್ಬಳ್ಳಿಯಿಂದ ರೇಲ್ವೆ ಹಿಡಿದು ಕುಂದಗೋಳಕ್ಕೆ ಹೋಗಿ ಪಾಠ ಕಲಿತ ಈ ಮಹಾಗಾಯಕಿಯ ಗಂಭೀರವಾದ, ಗಂಡುದನಿಗೆ ಸಮೀಪವಾದ ಕಂಠವನ್ನು 2009ರವರೆಗೆ ಬದುಕಿದ್ದ ಅವರ ಕಚೇರಿಗಳಲ್ಲಿ ಕೇಳಿದವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಆದರೆ 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಹೊರಬಿದ್ದ ಅವರ ಮೊದಲಿನ ರಿಕಾರ್ಡುಗಳಲ್ಲಿ ಇರುವದು ಬೇರೆಯದೇ ಕಂಠ: ತೆಳುವಾದ, ಎತ್ತರದ, ಎಳೆಯ ಹೆಣ್ಣುದನಿ. ಮುಂದೆ ಗಂಟಲಿನ ಬೇನೆ ಬಂದು, ಅದರ ಚಿಕಿತ್ಸೆಯಾದ ಮೇಲೆ ಆ ದನಿ ಹೋಯಿತು, ಮತ್ತೆ ಬರಲಿಲ್ಲ. ಅಂಥ ಪ್ಲೇಟು ಒಂದು ಒಡೆದರೆ ಒಡೆಯುವದು ಅರಗಲ್ಲ. ಒಬ್ಬ ಕಲಾವಿದೆಯ ಜೀವನದ ಒಂದು ಅಧ್ಯಾಯವೇ.

ಇನ್ನು ಯಂತ್ರದ ಮಾತು. ನವಲಗುಂದ ತಾಲೂಕಿನ ವಾಡೆಯೊಂದರಿಂದ ಹೊರಬಿದ್ದು ಹಳೇ ಸಾಮಾನಿನ ಅಂಗಡಿಯನ್ನು ಸೇರಿದ್ದ ಒಂದು ಪೆಟ್ಟಿಗೆಯ ರಿಪೇರಿಯನ್ನು ನಾವು ಈಚೆಗೆ ಸಮೀಪದಿಂದ ನೋಡಿದೆವು. ಗಡಿಯಾರದ ಕಸಬಿನ ವೃದ್ಧ ಕುಶಲಿಯೊಬ್ಬರು ಅದನ್ನು ಬಿಚ್ಚಿದಾಗ, ಎರೆಯ ಸೀಮೆಯ ಧೂಳು ಹಳೆಯ ಗ್ರೀಸಿನೊಡನೆ ಕೂಡಿ ಗಾರೆಯಂತೆ ಗಟ್ಟಿಯಾಗಿತ್ತು. ಯಂತ್ರ ಕೆಟ್ಟಿರಲಿಲ್ಲ, ಕಟ್ಟಿಕೊಂಡಿತ್ತು. ಮಳೆ ಹೆಚ್ಚಾದ ಕಲಘಟಗಿಯ ಕಡೆಗೆ ಇದೇ ಯಂತ್ರಕ್ಕೆ ಶತ್ರು ಧೂಳಲ್ಲ, ತಂಪು. ಅಲ್ಲಿ ಸ್ಪ್ರಿಂಗಿಗೆ ತುಕ್ಕು, ಪ್ಲೇಟಿಗೆ ಬೂಷ್ಟು. ಆದಕಾರಣ ಕೊಂಡವರು ಆತುರದಿಂದ ಚಾವಿ ತಿರುವತಕ್ಕದ್ದಲ್ಲ. ಡಬ್ಬಿಯಲ್ಲಿ ಸುತ್ತಿಕೊಂಡಿರುವ ಉಕ್ಕಿನ ಪಟ್ಟಿಯನ್ನು ಮೊದಲು ಪೂರ್ತಿ ಬಿಡಿಸಬೇಕು. ಬಿಗಿ ಇರುವಾಗಲೇ ಡಬ್ಬಿ ತೆಗೆದರೆ ಅದು ಕೈಯನ್ನು ಸೀಳೀತು. ಅನಂತರ ಸೀಮೆಎಣ್ಣೆಯಲ್ಲಿ ತೊಳೆದು, ಒರಸಿ, ಹೊಸ ಗ್ರೀಸು ತುಂಬಬೇಕು.

ಎರಡನೆಯದು ವೇಗ. ಯಂತ್ರದೊಳಗೆ ಮೂರು ಚಿಕ್ಕ ಗುಂಡುಗಳು ತೆಳು ಪಟ್ಟಿಗಳ ಮೇಲೆ ಕುಳಿತು ತಿರುಗುವವು. ವೇಗ ಹೆಚ್ಚಾದೊಡನೆ ಅವು ಹೊರಕ್ಕೆ ಚಾಚಿ, ಒಂದು ಬಿಲ್ಲೆಯನ್ನು ಮೆತ್ತೆಗೆ ಒತ್ತಿ, ವೇಗವನ್ನು ತಡೆಯುವವು. ಆ ಮೆತ್ತೆ ಒಣಗಿದ್ದರೆ ಯಂತ್ರ ಕಿರುಗುಟ್ಟುವದು. ಎರಡು ಹನಿ ಎಣ್ಣೆಯಿಂದ ಅದು ಮೆದುವಾಗುವದು. ವೇಗದಲ್ಲಿ ಉದಾಸೀನ ಸಲ್ಲದು. ಮಿನಿಟಿಗೆ 78 ಸುತ್ತು ತಿರುಗಬೇಕಾದ ಪ್ಲೇಟು 83 ಸುತ್ತು ತಿರುಗಿದರೆ ಗಾಯಕನ ಷಡ್ಜವು ಸುಮಾರು ಅರ್ಧ ಸ್ವರ ಮೇಲೇರಿ, ಪ್ರೌಢನು ಪೋರನಾಗುವನು. ಪ್ಲೇಟಿನ ಕೆಳಗೆ ಒಂದು ಕಾಗದದ ಚೂರು ಸಿಕ್ಕಿಸಿ, ಗಡಿಯಾರ ನೋಡಿ, ಅರ್ಧ ಮಿನಿಟಿಗೆ 39 ಸುತ್ತು ಎಣಿಸಿದರೆ ಸಾಕು. ತೀರ ಹಳೆಯ ಪ್ಲೇಟುಗಳಲ್ಲಿ ಎಲ್ಲವೂ ಸರಿಯಾಗಿ 78ಕ್ಕೇ ಮುದ್ರಿತವಾದವುಗಳಲ್ಲ. ಅಲ್ಲಿ ತಂಬೂರಿ ಬಲ್ಲವರ ಕಿವಿಯೇ ಪ್ರಮಾಣ.

ಮೂರನೆಯದು ಸೌಂಡ್‌ಬಾಕ್ಸು. ಸೂಜಿಯ ಕಂಪನವನ್ನು ಧ್ವನಿಯಾಗಿಸುವ ಅಭ್ರಕದ ಇಲ್ಲವೆ ಅಲ್ಯುಮಿನಿಯಮ್ಮಿನ ತೆಳು ಹಾಳೆ ಅದರಲ್ಲಿದೆ. ಹಾಳೆಯ ಅಂಚನ್ನು ಹಿಡಿದಿರುವ ರಬ್ಬರಿನ ಬಳೆ ಕಾಲಾಂತರದಲ್ಲಿ ಕಲ್ಲಾಗುವದು. ಆಗ ಗಾಯನವು ತಗಡು ಬಡಿದಂತೆ ಕೇಳುವದು. ರಬ್ಬರು ಬದಲಿಸಲು ಖರ್ಚು ಅಲ್ಪ, ಬೇಕಾದದ್ದು ತಾಳ್ಮೆ. ಪೆಟ್ಟಿಗೆಯ ಮರಗೆಲಸಕ್ಕಂತೂ, ಬಣ್ಣದ ತೊಟ್ಟಿಲು ಮಾಡುವ ಕಲಘಟಗಿಯ ಕೈಗಳು ಇರುವಾಗ, ದೂರ ಹೋಗುವ ಕಾರಣವಿಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹೊಳೆಯುವ ಹಿತ್ತಾಳೆ ಕಹಳೆ ಜೋಡಿಸಿ, ಹೊಸ ಮರಕ್ಕೆ ಹಳೆಯ ಬಣ್ಣ ಕೊಟ್ಟು, ಪ್ರಸಿದ್ಧ ಕಂಪನಿಯ ಮುದ್ರೆ ಅಂಟಿಸಿದ ನಕಲಿ ಯಂತ್ರಗಳು ಪೇಟೆಯಲ್ಲಿ ಬಹಳ ಇವೆ. ಅವುಗಳಿಗಿಂತ, ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು 1931ರಲ್ಲಿ ಹೊರಡಿಸಿದ 102ನೆಯ ನಮೂನೆಯಂಥ ಕಹಳೆಯಿಲ್ಲದ ಕೈಪೆಟ್ಟಿಗೆಯೇ ಎಷ್ಟೋ ಮೇಲು.

‘ಎಲ್ಲ ಹಾಡುಗಳೂ ಈಗ ಅಂಗೈಯ ಮೊಬೈಲಿನಲ್ಲಿ ದೊರೆಯುವಾಗ ಈ ತಾಪತ್ರಯವೇಕೆ?’ ಎಂದು ತರುಣರು ಕೇಳಬಹುದು. ಮೊಬೈಲಿಗೆ ಆ ಹಾಡು ಬಂದದ್ದಾದರೂ ಎಲ್ಲಿಂದ? ಯಾರೋ ಒಬ್ಬರು ಪ್ಲೇಟನ್ನು ಕಾಯ್ದಿಟ್ಟು, ಒರಸಿ, ಪ್ರತಿ ಮಾಡಿದ್ದರಿಂದ. ಮುಂಬಯಿಯಲ್ಲಿ 1990ರಲ್ಲಿ ಕೂಡಿದ ರಿಕಾರ್ಡು ಸಂಗ್ರಾಹಕರ ಸಂಘದವರೂ, ಬೆಂಗಳೂರಿನಲ್ಲಿ ವಿಕ್ರಮ ಸಂಪತ್ತರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆಯವರೂ ಇಂಥ ಕೆಲಸ ಮಾಡಿದ್ದಾರೆ. ಆದರೆ ಕುಂದಗೋಳದ ಅಟ್ಟದ ಮೇಲೆ ಏನಿದೆಯೆಂಬುದು ಮುಂಬಯಿಗೆ ತಿಳಿಯುವದೆಂತು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೇ ನಿಜ ಮಾಡುತ್ತಲಿದ್ದೇವೆ.

ಯಂತ್ರಪ್ರಿಯರಿಗೂ ಒಂದು ಮಾತು ಹೇಳಲೇಬೇಕು. ಹಳೆಯ ಸೌಂಡ್‌ಬಾಕ್ಸು 100 ಗ್ರಾಮಿಗೂ ಮಿಕ್ಕಿದ ಭಾರದಿಂದ ಪ್ಲೇಟನ್ನು ಒತ್ತುವದು; ಉಕ್ಕಿನ ಸೂಜಿಯು ಒಂದು ಮಗ್ಗುಲು ಹಾಡುವಷ್ಟರಲ್ಲಿ ಸವೆಯುವದು. ಸೂಜಿಯನ್ನು ಪ್ರತಿ ಸಲ ಬದಲಿಸದೆ ಹಾಡಿಸುವವನು ರಿಕಾರ್ಡನ್ನು ಕೆತ್ತುವವನೇ ಸರಿ. ದುರ್ಲಭವಾದ ಪ್ಲೇಟನ್ನು ಈ ಯಂತ್ರದ ಮೇಲೆ ಏರಿಸಲೇಬಾರದು. ಕೆಲವೇ ಗ್ರಾಮಿನ ಭಾರದ ಈಗಿನ ವಿದ್ಯುತ್ ಯಂತ್ರದಲ್ಲಿ, ಅಗಲ ಗೆರೆಗೆ ತಕ್ಕ ಸೂಜಿ ಹಾಕಿ, ಒಮ್ಮೆ ಪ್ರತಿ ತೆಗೆದು, ಮೂಲವನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು-ತಂಪು ತಾಕದಂತೆ ಇಡತಕ್ಕದ್ದು. ತೊಳೆಯಲು ಸ್ಪಿರಿಟು ಕೂಡದು; ಅರಗು ಅದರಲ್ಲಿ ಕರಗುವದು. ಸಾಮಾನ್ಯ ಪ್ಲೇಟುಗಳನ್ನು ಮಾತ್ರ ಗ್ರಾಮೋಫೋನಿನಲ್ಲಿ ಹಾಡಿಸಿ ಮಕ್ಕಳಿಗೆ ಕೇಳಿಸಬಹುದು.

ಮುಂದೇನು? ತಾಲೂಕು ತಾಲೂಕಿಗೆ ಯಾರ ಮನೆಯಲ್ಲಿ ಯಾವ ರಿಕಾರ್ಡು ಇದೆಯೆಂಬ ಯಾದಿಯಾಗಬೇಕು. ಶಾಲೆಯ ಶಿಕ್ಷಕರೂ ಗ್ರಂಥಾಲಯದವರೂ ಮನಸ್ಸು ಮಾಡಿದರೆ ಇದು ಅಸಾಧ್ಯವಲ್ಲ. 1890ರಿಂದ ಕನ್ನಡದ ಕೆಲಸ ಮಾಡುತ್ತ ಬಂದ ಕರ್ನಾಟಕ ವಿದ್ಯಾವರ್ಧಕ ಸಂಘವೂ, ಕರ್ನಾಟಕ ವಿಶ್ವವಿದ್ಯಾಲಯವೂ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯೂ ಒಂದೆಡೆ ಕುಳಿತು ಪ್ರತಿ ಮಾಡುವ ಏರ್ಪಾಡು ಮಾಡಬೇಕು. ಕಾಯದೆಯ ಅಡ್ಡಿಯೂ ದೊಡ್ಡದಲ್ಲ: ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಮಾತ್ರ ಇರುವದರಿಂದ, 1930ರ ದಶಕದ ರಿಕಾರ್ಡುಗಳ ಮೇಲಿನ ಆ ಹಕ್ಕು ಎಂದೋ ತೀರಿದೆ. ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ವರ್ಷಕ್ಕೆ ಹತ್ತು ಹುಡುಗರಿಗೆ, ಉಳಿದಿರುವ ಗಡಿಯಾರದ ಕುಶಲಿಗಳ ಕೈಯಿಂದ, ಈ ರಿಪೇರಿಯನ್ನು ಕಲಿಸಿದರೆ ಕಸಬೂ ಉಳಿದೀತು. ಸವಾಯಿ ಗಂಧರ್ವರ ಸ್ಮರಣೆಗಾಗಿ ಕುಂದಗೋಳದಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ಒಂದು ಗಳಿಗೆ ಅವರದೇ ಕಂಠಕ್ಕೆ ಮೀಸಲಾಗಲಿ.

ಇದಕ್ಕೆ ಸರಕಾರದ ಹುಕುಮಿಗಾಗಿ ಕಾಯುವ ಅವಶ್ಯಕತೆಯಿಲ್ಲ. ಅಟ್ಟ ನಮ್ಮದು, ನಿಚ್ಚಣಿಕೆಯೂ ನಮ್ಮದೇ. ವಾಚಕ ಮಹಾಶಯರು ಮನೆ ಮಾರುವದಕ್ಕಿಂತ ಮುಂಚೆ, ಅಟ್ಟವನ್ನು ರದ್ದಿಯವನಿಗೆ ತೋರಿಸುವದಕ್ಕಿಂತ ಮುಂಚೆ, ಒಮ್ಮೆ ತಾವೇ ಹತ್ತಿ ನೋಡಲಿ. ಕರಿಯ ಪ್ಲೇಟು ಕಂಡರೆ ಧೂಳೊರಸಿ ಅದರ ಮೇಲಿನ ಹೆಸರನ್ನು ಓದಲಿ. ಆ ಹೆಸರು ಅವರ ಊರಿನದೇ ಆಗಿರಬಹುದು.