ಮಷಿನ್ ಬಂತು, ಇಡಾಕ ಜಾಗ ಇಲ್ಲ

ನಮ್ಮ ಮನೆಗೆ ವಾಷಿಂಗ್ ಮಷಿನ್ ಬಂದ ಮೇಲೆ 11 ದಿನ ಅದನ್ನು ಟೇಬಲ್ ಮಾಡಿಕೊಂಡಿದ್ದೆವು. ಮೇಲೆ ಹಾಲಿನ ಪಾತ್ರೆ, ಕರೆಂಟ್ ಬಿಲ್, ಅವ್ವನ ಕನ್ನಡಕ. ಒಳಗೆ ಒಂದು ಅರಿವಿಯೂ ಬಿದ್ದಿರಲಿಲ್ಲ. ಅವ್ವ ಎಂದಿನಂತೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಗೆಯುತ್ತಿದ್ದಳು. ಹೊರಗೆ ಬಂದು, ಮಷಿನ್ ಮೇಲೆ ಕೈಯೂರಿ ಸುಧಾರಿಸಿಕೊಳ್ಳುತ್ತಿದ್ದಳು. “ಇದನ್ನ ನೋಡ್ಕೋತ ಕುಂತ್ರ ಅರಿವಿ ಸ್ವಚ್ಛ ಆಗ್ತಾವೇನಪಾ?” ಎಂದು ಒಂದು ದಿನ ಕೇಳಿಯೇ ಬಿಟ್ಟಳು.

ನಾವಿರುವುದು ತಾರಿಹಾಳದಲ್ಲಿ, ಸಣ್ಣ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ. ತಾರಿಹಾಳ ಅಂದರೆ ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶ. ಕೆಲಸಕ್ಕೆಂದು ಹಳ್ಳಿಯಿಂದ ಬಂದ ನಮ್ಮಂಥವರು ಒಂದು ಹಾಲ್, ಒಂದು ಖೋಲಿ, ಒಂದು ಅಡುಗೆಮನೆಯಲ್ಲಿ ಸಂಸಾರ ಮಾಡುತ್ತೇವೆ. ಎಣ್ಣೆ, ಗ್ರೀಸ್ ಹತ್ತಿದ ಅಂಗಿ-ಪ್ಯಾಂಟು ಇಲ್ಲಿ ದಿನಾ ಒಗೆಯುವ ಅರಿವಿ. ಮಷಿನ್ ನಾವು ಶೋಕಿಗೆ ತಂದದ್ದಲ್ಲ. ಅವ್ವನ ಮೊಣಕಾಲು ನೋಡಲಾಗದೆ ಕಂತಿನ ಮೇಲೆ ತಂದೆವು.

ಅಂಗಡಿಯ ಹುಡುಗರು ಹೊತ್ತು ತಂದು ಇಟ್ಟು ಹೋದರು. ಮರುದಿನ ಜೋಡಿಸುವ ಹುಡುಗ ಬಂದ. ಡಬ್ಬಿ ಬಿಚ್ಚುವ ಮೊದಲೇ ಕೇಳಿದ: “ಅಮ್ಮಾರ, ನಳ ಎಲ್ಲೈತ್ರಿ? ನೀರ ಹೊರಗ ಹೋಗೂದು ಎಲ್ಲಿಂದ್ರಿ? ದೊಡ್ಡ ಪಿನ್ನಿನ ಪ್ಲಗ್ ಎಲ್ಲೈತ್ರಿ?”

ನಳ ಬಚ್ಚಲಲ್ಲಿತ್ತು, ಆದರೆ ಬಚ್ಚಲ ಬಾಗಿಲಲ್ಲಿ ಮಷಿನ್ ಹಿಡಿಯಲಿಲ್ಲ. ಅಡುಗೆಮನೆಯಲ್ಲಿ ಜಾಗ ಇತ್ತು, ನೀರು ಬಿಡಲು ಪೈಪ್ ಇರಲಿಲ್ಲ. ಹಾಲ್‌ನಲ್ಲಿ ಪ್ಲಗ್ ಇತ್ತು, ಅದು ಟಿವಿಗೆ ಹಾಕುವ ಸಣ್ಣದು. ಹುಡುಗ ಕಾಗದಕ್ಕೆ ಸಹಿ ಹಾಕಿಸಿಕೊಂಡು ವಾಪಸ್ ಹೋದ. ಮನೆ ಮಾಲೀಕರಿಗೆ ಫೋನ್ ಮಾಡಿದೆವು. “ಬಚ್ಚಲ ಐತೆಲ್ಲ, ಅಲ್ಲೇ ಒಗೀರಿ” ಅಂದರು.

ಆಗ ನಮಗೆ ಊರಿನ ಮನೆ ನೆನಪಾಯಿತು. ಅದು ಇದಕ್ಕಿಂತ ಬಡ ಮನೆ, ಮಣ್ಣಿನ ಗೋಡೆ. ಆದರೂ ಹಿತ್ತಲಲ್ಲಿ ಒಗೆಯುವ ಕಲ್ಲು ಇತ್ತು. ನಿಂತು ಒಗೆಯುವಷ್ಟು ಎತ್ತರ, ಪಕ್ಕದಲ್ಲಿ ನೀರಿನ ಹಂಡೆ, ನೀರು ಹರಿದು ಹೋಗಲು ದಾರಿ, ಒಣಹಾಕಲು ತಂತಿ. ಅರಿವಿ ಒಗೆಯುವುದು ಮನೆಯ ದಿನದ ಕೆಲಸ ಎಂಬುದು ಆ ಮನೆ ಕಟ್ಟಿಸಿದ ಅಜ್ಜನಿಗೆ ಗೊತ್ತಿತ್ತು. ಈ ಅಪಾರ್ಟ್‌ಮೆಂಟ್ ಕಟ್ಟಿದವರು ಟಿವಿಗೆ ಗೋಡೆ ಬಿಟ್ಟರು, ದೇವರಿಗೆ ಗೂಡು ಬಿಟ್ಟರು. ಒಗೆಯುವುದಕ್ಕೆ ಏನೂ ಬಿಡಲಿಲ್ಲ. ಕಲ್ಲೂ ಹೋಯಿತು, ಮಷಿನ್‌ಗೂ ಜಾಗ ಸಿಗಲಿಲ್ಲ.

ನಮ್ಮ ವಾದ ಇಷ್ಟೇ. ಇನ್ನು ಕಟ್ಟುವ ಮನೆ ಎಷ್ಟೇ ಸಣ್ಣದಿರಲಿ, ಊರಲ್ಲಿರಲಿ, ಪೇಟೆಯಲ್ಲಿರಲಿ, ಬಾಡಿಗೆಯದ್ದೇ ಇರಲಿ, ಒಗೆಯುವುದಕ್ಕೆ ಎರಡೂವರೆ ಅಡಿ ಜಾಗ ಇರಬೇಕು. ಅಲ್ಲಿ ಒಂದು ನಳ, ನೀರು ಹೋಗುವ ಒಂದು ಪೈಪ್, ಅರ್ಥಿಂಗ್ ಇರುವ ಒಂದು ದೊಡ್ಡ ಪ್ಲಗ್ ಇರಬೇಕು. ಮಷಿನ್ ಇವತ್ತು ಕೊಳ್ಳಲು ಆಗದಿದ್ದರೂ ಜಾಗ ಇರಲಿ. ಅಲ್ಲಿಯವರೆಗೆ ಅಲ್ಲೇ ಒಂದು ಕಲ್ಲು ಇಟ್ಟು ನಿಂತು ಒಗೆಯಬಹುದು.

ಇದು ಹೆಣ್ಣುಮಕ್ಕಳ ಸಮಯದ ಪ್ರಶ್ನೆ. ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಐದು ತಾಸು ಅದರಲ್ಲೇ ಇರುತ್ತಾರೆ ಎಂದು ಅದರಲ್ಲಿ ಕಂಡಿತು. ಅಂಥ ಕೆಲಸಕ್ಕೆ ಕೈ ಹಚ್ಚುವ ಗಂಡಸರದ್ದು 97 ನಿಮಿಷ. ಕೈಯೇ ಹಚ್ಚದ ಗಂಡಸರು ಬಹಳ. ಮನೆಯ ನಕ್ಷೆ ಬರೆಯಿಸುವಾಗ, ಗೌಂಡಿ ಜೊತೆ ಮಾತಾಡುವಾಗ ಮುಂದೆ ನಿಲ್ಲುವವರು ಹೆಚ್ಚಾಗಿ ಗಂಡಸರು. ಒಗೆಯುವವರನ್ನು ಯಾರೂ ಕೇಳುವುದಿಲ್ಲ.

ಸರ್ಕಾರದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಹಳ್ಳಿಗಳ ಪ್ರಧಾನಮಂತ್ರಿ ಆವಾಸ್ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅದರಲ್ಲಿ ಅಡುಗೆಗೆ ಸ್ವಚ್ಛ ಜಾಗ ಸೇರಿರಬೇಕು ಎಂಬ ನಿಯಮ ಇದೆ. ಒಳ್ಳೆಯ ನಿಯಮ. ಒಲೆಗೆ ಸಿಕ್ಕ ಮಾನ ಒಗೆಯುವ ಜಾಗಕ್ಕೂ ಸಿಗಬೇಕು.

ನಮ್ಮ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದು ನೀರಿನದು. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಮತ್ತು ನೀರಸಾಗರ ಕೆರೆಯಿಂದ. 2008ರ ಸುಮಾರಿಗೆ ಕೆಲವೇ ವಾರ್ಡ್‌ಗಳಲ್ಲಿ 24 ತಾಸಿನ ನೀರು ಶುರುವಾದಾಗ ಉಳಿದವರು ಕೊಡ, ಬ್ಯಾರಲ್, ಟಾಕಿ ತುಂಬಿಟ್ಟುಕೊಂಡೇ ದಿನ ಕಳೆದರು. ಹಳ್ಳಿಯಲ್ಲಿ ಜಲಜೀವನ ಮಿಷನ್ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. ಮೇಲಿನಿಂದ ಅರಿವಿ ಹಾಕುವ ಮಷಿನ್ ಒಂದು ಸಲಕ್ಕೆ ಸುಮಾರು 100 ಲೀಟರ್ ಕುಡಿದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಅದಕ್ಕೇ ಹೋಯಿತು.

ಆಕ್ಷೇಪ ಖರೆ. ಅದಕ್ಕೇ ನೀರು ಹೊರಗೆ ಹೋಗುವ ದಾರಿ ನಮ್ಮ ಕೈಯಲ್ಲಿರಬೇಕು ಎನ್ನುತ್ತೇವೆ. ಕೊನೆಯ ಸಲ ಜಾಲಿಸಿದ ನೀರನ್ನು ಬಕೆಟ್‌ನಲ್ಲಿ ಹಿಡಿದರೆ ಶೌಚಾಲಯಕ್ಕೆ, ಅಂಗಳ ತೊಳೆಯಲು ಆಗುತ್ತದೆ. ದಿನಾ ಎರಡು ಅಂಗಿಗೆ ಮಷಿನ್ ಹಚ್ಚುವ ಬದಲು ಎರಡು ದಿನಕ್ಕೊಮ್ಮೆ ತುಂಬಿಸಿ ಹಚ್ಚಬೇಕು. ನೀರು ಕಡಿಮೆ ಇದೆ ಎಂದು ಹೆಣ್ಣುಮಕ್ಕಳ ಮೊಣಕಾಲನ್ನೇ ಸವೆಸಿ ನೀರು ಉಳಿಸಬೇಕೇ?

ಈಗಾಗಲೇ ಸಣ್ಣ ಮನೆಯಲ್ಲಿ ಇರುವವರಿಗೆ, ನಾವು ಪೆಟ್ಟು ತಿಂದು ಕಲಿತ ನಾಲ್ಕು ಮಾತು.

ಒಂದು, ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿಯಿರಿ. ಮಷಿನ್ ಸುಮಾರು ಎರಡು ಅಡಿ ಅಗಲ ಇರುತ್ತದೆ. ಇಡುವ ಜಾಗದ ಜೊತೆಗೆ ಬಾಗಿಲು, ಮೆಟ್ಟಿಲಿನ ತಿರುವು ಎಲ್ಲ ಅಳೆಯಿರಿ.

ಎರಡು, ನೀರಿನ ಜೋರು ನೋಡಿ. ಪೂರ್ತಿ ಆಟೋಮ್ಯಾಟಿಕ್ ಮಷಿನ್‌ಗೆ ನಳದಿಂದ ಒತ್ತಿ ಬರುವ ನೀರು ಬೇಕು. ಹಲವು ಮಷಿನ್‌ಗಳಿಗೆ ಕನಿಷ್ಠ 0.3 ಬಾರ್ ಒತ್ತಡ ಕೇಳುತ್ತಾರೆ. ಅಂದರೆ ಟಾಕಿಯ ನೀರು ನಳಕ್ಕಿಂತ ಸುಮಾರು 10 ಅಡಿ ಮೇಲಿರಬೇಕು. ಟಾಕಿಯ ಬುಡದ ಮಹಡಿಯಲ್ಲೇ ಇರುವವರಿಗೆ ಇದು ಸಿಗುವುದು ಕಷ್ಟ. ಅಂಥವರಿಗೆ, ನೀರು ತುಂಬಿಟ್ಟುಕೊಳ್ಳುವ ಮನೆಗೆ, ಕೊಡದಿಂದ ಸುರಿಯಬಹುದಾದ ಸೆಮಿ ಆಟೋಮ್ಯಾಟಿಕ್ ಸಾಕು.

ಮೂರು, ಕರೆಂಟ್ ವಿಷಯದಲ್ಲಿ ಕಂಜೂಸು ಬೇಡ. 16 ಆಂಪಿಯರ್‌ನ ಮೂರು ಪಿನ್ನಿನ ಪ್ಲಗ್, ಅದಕ್ಕೆ ಖರೇನೇ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಒದ್ದೆ ನೆಲ, ಒದ್ದೆ ಕೈ, ಎಕ್ಸ್‌ಟೆನ್ಷನ್ ಬೋರ್ಡ್ ಮೂರೂ ಕೂಡಿದರೆ ಜೀವಕ್ಕೆ ಅಪಾಯ. ಮಷಿನ್ ಮುಟ್ಟಿದಾಗ ಜುಮ್ ಅಂದರೆ ಕೂಡಲೇ ಮೇನ್ ಸ್ವಿಚ್ ಬಂದ್ ಮಾಡಿ. ತಣ್ಣೀರಲ್ಲೇ ಒಗೆದರೆ ಬಿಲ್ ಕಡಿಮೆ. ಬಿಸಿನೀರಿನ ಹೀಟರ್ ಸುಮಾರು 2000 ವ್ಯಾಟ್‌ನದು, ಅರ್ಧ ತಾಸು ಓಡಿದರೆ ಒಂದು ಯುನಿಟ್. ಗೃಹಜ್ಯೋತಿಯಲ್ಲಿ 200 ಯುನಿಟ್ ತನಕ ಉಚಿತ ಎಂದರೂ, ಪ್ರತಿ ಮನೆಗೂ ಅದರ ಹಳೆಯ ಸರಾಸರಿ ನೋಡಿ ಮಿತಿ ಇಟ್ಟಿದ್ದಾರೆ ಎಂಬುದು ನೆನಪಿರಲಿ.

ನಾಲ್ಕು, ಮುಂದಿನಿಂದ ಬಾಗಿಲು ತೆಗೆಯುವ ಮಷಿನ್ ಆದರೆ ಹಿಂದುಗಡೆ ಸಾಗಣೆಗೆಂದು ಹಾಕಿದ ಬೋಲ್ಟ್ ಇರುತ್ತವೆ. ಅವನ್ನು ಬಿಚ್ಚದೆ ಹಚ್ಚಿದರೆ ಮಷಿನ್ ಕುಣಿಯುತ್ತದೆ, ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ಬಿಚ್ಚಿದ ಬೋಲ್ಟ್ ಎಸೆಯಬೇಡಿ, ಮನೆ ಬದಲಿಸುವಾಗ ಬೇಕು. ಇಂಥ ಮಷಿನ್‌ನ ನೀರು ಬಿಡುವ ಪೈಪನ್ನು ನೆಲಕ್ಕೆ ಬಿಡಬೇಡಿ. ಎರಡು-ಮೂರು ಅಡಿ ಎತ್ತರಕ್ಕೆ ಕಟ್ಟದಿದ್ದರೆ ತುಂಬಿದ ನೀರು ತಾನೇ ಜಾರಿ ಹೋಗುತ್ತಿರುತ್ತದೆ.

ಕೊನೆಗೆ ನಮ್ಮ ಮನೆಯಲ್ಲಿ ಏನಾಯಿತು? ಅರ್ಧ ಖರ್ಚು ನಾವು ಕೊಡುತ್ತೇವೆ, ಮನೆ ಬಿಡುವಾಗ ನಳ, ಪ್ಲಗ್ ಇಲ್ಲೇ ಬಿಟ್ಟು ಹೋಗುತ್ತೇವೆ ಎಂದ ಮೇಲೆ ಮಾಲೀಕರು ಒಪ್ಪಿದರು. ಬಚ್ಚಲ ಗೋಡೆ ಕೊರೆದು ಅಡುಗೆಮನೆ ಮೂಲೆಗೆ ಒಂದು ನಳ ತಂದೆವು, ನೀರು ವಾಪಸ್ ಬಚ್ಚಲಿಗೇ ಬಿಟ್ಟೆವು. ಎಲೆಕ್ಟ್ರಿಷಿಯನ್ ಬೇರೆ ವೈರ್ ಎಳೆದು ಪ್ಲಗ್ ಹಾಕಿದ. ಎರಡು ದಿನದ ಕೆಲಸ, ಗೋಡೆ ತುಂಬ ಗುರುತು. ಕಟ್ಟುವಾಗಲೇ ಮಾಡಿದ್ದರೆ ನಾಲ್ಕು ಅಡಿ ಪೈಪಿನಲ್ಲಿ ಮುಗಿಯುತ್ತಿತ್ತು.

ಈಗ ಅರಿವಿ ಹಾಕಿ ಬಟನ್ ಒತ್ತುವ ಕೆಲಸ ನಮ್ಮದು. ಅವ್ವ ಮೊದಲ ವಾರ ನಂಬಲಿಲ್ಲ, ಅಂಗಿಯ ಕಾಲರ್ ಹಿಡಿದು ಹಿಡಿದು ನೋಡಿದಳು. ಈಗ ಆ ಹೊತ್ತಿಗೆ ಕೆಳಗಿನ ಮನೆಯವರ ಜೊತೆ ಕಟ್ಟೆ ಮೇಲೆ ಕುಳಿತಿರುತ್ತಾಳೆ.

ನಿಮ್ಮ ಊರಲ್ಲಿ ಯಾರದ್ದಾದರೂ ಮನೆಗೆ ಪಾಯ ತೆಗೆಯುತ್ತಿದ್ದರೆ, ಗೌಂಡಿ ಪೈಪ್ ಹಾಕುವ ಮೊದಲು ಒಂದು ಮಾತು ಹೇಳಿ. ಆ ಮನೆಯಲ್ಲಿ ಅರಿವಿ ಒಗೆಯುವವರು ಯಾರೋ ಅವರನ್ನು ಕರೆದು, “ಎಲ್ಲಿ ಬೇಕ್ರಿ ನಿಮಗ ಜಾಗ?” ಎಂದು ಕೇಳಿಸಿ. ಗೋಡೆ ಎದ್ದ ಮೇಲೆ ಕೇಳಿದರೆ ನಮ್ಮಂತೆ ಕೊರೆಯಬೇಕಾಗುತ್ತದೆ.